ಶಿಲ್ಲಿಂಗ್ ಮೇಡಂ ಅವರ ಹಿತ್ತಾಳೆ ಬಿಲ್ಲೆ

ಮರ್ಲಿನ್ ಇಂಜಿನ್ನಿನ ವಿಡಿಯೋ ನೋಡಿರೋರು, ಸ್ಪಿಟ್‌ಫೈರ್ ಪೋಸ್ಟರನ್ನ ಹಾಸ್ಟೆಲ್ ಗೋಡೆಗೆ ಅಂಟಿಸಿರೋರು ನಮ್ಮಲ್ಲಿ ಕಮ್ಮಿ ಏನಿಲ್ಲ. ರೋಲ್ಸ್ ರಾಯ್ಸ್ ಕಂಪನಿಯ 12 ಸಿಲಿಂಡರಿನ, 27 ಲೀಟರಿನ ಆ ಇಂಜಿನ್ ಎರಡನೇ ಮಹಾಯುದ್ಧದ ಹೀರೋ ಅಂತ ಎಲ್ಲರಿಗೂ ಗೊತ್ತು. ಆದರೆ ಆ ಹೀರೋಗೆ ಒಂದು ಕೆಟ್ಟ ಚಾಳಿ ಇತ್ತು. ವಿಮಾನದ ಮೂತಿಯನ್ನ ಏಕಾಏಕಿ ಕೆಳಗೆ ತಳ್ಳಿದರೆ ಇಂಜಿನ್ ಕೆಮ್ಮಿ ಸುಮ್ಮನಾಗಿಬಿಡೋದು. ಅದೂ ಶತ್ರುವಿನ ಜೊತೆ ಕಾದಾಡುವಾಗ. ಈ ಚಾಳಿಗೆ ಕಡಿವಾಣ ಹಾಕಿದವರು ಬಿಯಾಟ್ರಿಸ್ ಶಿಲ್ಲಿಂಗ್. ಅವರು ಹಾಕಿದ ಕಡಿವಾಣ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು: ನಡುವೆ ತೂತಿರುವ ಒಂದು ಹಿತ್ತಾಳೆ ಚೂರು.

ಶಿಲ್ಲಿಂಗ್ ಹುಟ್ಟಿದ್ದು 1909ರ ಮಾರ್ಚ್ 8ರಂದು, ಇಂಗ್ಲೆಂಡಿನ ಹ್ಯಾಂಪ್‌ಶೈರಿನ ವಾಟರ್‌ಲೂವಿಲ್ ಎಂಬ ಊರಲ್ಲಿ. ಅಪ್ಪನದು ಮಾಂಸದ ವ್ಯಾಪಾರ. ಮಗಳಿಗೆ ಚಿಕ್ಕಂದಿನಿಂದಲೇ ಸ್ಪ್ಯಾನರ್, ನಟ್ಟು ಬೋಲ್ಟುಗಳ ಹುಚ್ಚು. ಮೆಕ್ಯಾನೋ ಆಟಿಕೆಯ ತುಂಡುಗಳನ್ನ ಜೋಡಿಸುವ ಸ್ಪರ್ಧೆಯಲ್ಲಿ ಬಹುಮಾನ ಗೆದ್ದಿದ್ದರು. 14ನೇ ವಯಸ್ಸಿಗೆ ಸ್ವಂತಕ್ಕೊಂದು ಮೋಟರ್‌ಸೈಕಲ್ ಕೊಂಡು, ಅದನ್ನ ಬಿಚ್ಚಿ ಜೋಡಿಸೋದನ್ನ ಕಲಿತರು. ನಾವು ಆ ವಯಸ್ಸಲ್ಲಿ ಟ್ಯೂಷನ್ನಿಗೆ ಸೈಕಲ್ ತುಳೀತಿದ್ವಿ.

ಶಾಲೆ ಮುಗಿದ ಮೇಲೆ ಅವರಿಗೆ ಸಿಕ್ಕ ಗುರು ಮಾರ್ಗರೆಟ್ ಪಾರ್ಟ್ರಿಜ್. ಡೆವನ್ ಕಡೆಯ ಹಳ್ಳಿಗಳಿಗೆ ಕರೆಂಟು ಕೊಡುವ ಕೆಲಸ ಮಾಡ್ತಿದ್ದ ಮಹಿಳಾ ಇಂಜಿನಿಯರ್ ಅವರು. ಅವರ ಬಳಿ ಶಿಲ್ಲಿಂಗ್ ವೈರಿಂಗ್ ಮಾಡಿದರು, ಜನರೇಟರ್ ಕೂರಿಸಿದರು. ಇಂಜಿನಿಯರಿಂಗ್ ಓದು ಅಂತ ಹುರಿದುಂಬಿಸಿದವರೂ ಪಾರ್ಟ್ರಿಜ್ ಅವರೇ. ಹಾಗಾಗಿ ಶಿಲ್ಲಿಂಗ್ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯ ಸೇರಿ 1932ರಲ್ಲಿ ಎಲೆಕ್ಟ್ರಿಕಲ್ ಪದವಿ ಪಡೆದರು, ಮರುವರ್ಷವೇ ಮೆಕ್ಯಾನಿಕಲ್‌ನಲ್ಲಿ ಸ್ನಾತಕೋತ್ತರ ಪದವಿ. ಬ್ರಾಂಚ್ ಯಾವುದು ದೊಡ್ಡದು ಅಂತ ಕ್ಯಾಂಟೀನಲ್ಲಿ ಜಗಳ ಆಡುವ ನಾವು ಇದನ್ನ ಗಮನಿಸಬೇಕು. ಅವರಿಗೆ ಎರಡೂ ಬೇಕಾಗಿತ್ತು, ಎರಡನ್ನೂ ಓದಿದರು.

ಓದಿನ ಜೊತೆಗೆ ರೇಸು ಬೇರೆ. 1934ರಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ತಮ್ಮ ನಾರ್ಟನ್ ಬೈಕನ್ನ ಗಂಟೆಗೆ 106 ಮೈಲಿ, ಅಂದರೆ ಸುಮಾರು 170 ಕಿ.ಮೀ. ವೇಗದಲ್ಲಿ ಓಡಿಸಿದರು. 100 ಮೈಲಿ ದಾಟಿದವರಿಗೆ ಅಲ್ಲಿ ಗೋಲ್ಡ್ ಸ್ಟಾರ್ ಕೊಡುವ ಪದ್ಧತಿ ಇತ್ತು. ಅದನ್ನ ಪಡೆದ ಎರಡನೇ ಮಹಿಳೆ ಇವರು. 1938ರಲ್ಲಿ ಜಾರ್ಜ್ ನೇಲರ್ ಅವರನ್ನ ಮದುವೆಯಾದರು. ನೀನೂ ಗೋಲ್ಡ್ ಸ್ಟಾರ್ ತಗೊಂಡು ಬಾ, ಆಮೇಲೆ ಮದುವೆ ಅಂತ ಷರತ್ತು ಹಾಕಿದ್ದರು ಅನ್ನೋ ಮಾತೂ ಉಂಟು.

1936ರಲ್ಲಿ ಅವರು ಫಾರ್ನ್‌ಬರೋದಲ್ಲಿದ್ದ ಸರ್ಕಾರಿ ವಿಮಾನ ಸಂಶೋಧನಾ ಸಂಸ್ಥೆ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟ್ ಸೇರಿದರು. ಅಲ್ಲಿ ಅವರ ಕೆಲಸ ಕಾರ್ಬ್ಯುರೇಟರ್ ಕಡೆ ತಿರುಗಿತು. ಮರ್ಲಿನ್ ಇಂಜಿನ್ನಿನ ತಲೆನೋವು ಇದ್ದದ್ದೂ ಅಲ್ಲೇ.

ಈ ತಲೆನೋವು ಅರ್ಥ ಆಗೋಕೆ ಮನೆಯ ಓವರ್‌ಹೆಡ್ ಟ್ಯಾಂಕ್ ನೆನಪಿಸಿಕೊಂಡರೆ ಸಾಕು. ನೀರು ತುಂಬಿದಂತೆ ಚೆಂಡು ತೇಲಿ ಮೇಲೆ ಬಂದು ವಾಲ್ವ್ ಮುಚ್ಚುತ್ತೆ, ನೀರು ಇಳಿದರೆ ವಾಲ್ವ್ ತೆರೆಯುತ್ತೆ. ಹಳೇ ಬೈಕಿನ ಕಾರ್ಬ್ಯುರೇಟರಲ್ಲಿರೋದೂ ಇದೇ ಏರ್ಪಾಡು, ಮರ್ಲಿನ್‌ನಲ್ಲಿದ್ದದ್ದೂ ಇದೇ. ಪಂಪು ಟ್ಯಾಂಕಿನಿಂದ ಪೆಟ್ರೋಲ್ ತಳ್ಳುತ್ತೆ, ಫ್ಲೋಟ್ ಅಳತೆ ಕಾಯುತ್ತೆ, ತಳದ ಜೆಟ್‌ಗಳ ಮೂಲಕ ಪೆಟ್ರೋಲ್ ಇಂಜಿನ್ನಿಗೆ ಹೋಗುತ್ತೆ. ಇಷ್ಟಕ್ಕೆಲ್ಲ ಒಂದೇ ಷರತ್ತು: ಪೆಟ್ರೋಲ್ ಯಾವಾಗಲೂ ತಳದಲ್ಲೇ ಇರಬೇಕು.

ಬಸ್ಸಿನ ಕೊನೇ ಸೀಟಲ್ಲಿ ಕೂತಾಗ ಡ್ರೈವರ್ ಹಂಪ್ ಹಾರಿಸಿದರೆ ನಾವು ಸೀಟು ಬಿಟ್ಟು ಮೇಲೇಳ್ತೀವಲ್ಲ, ಪೈಲಟ್ ಮೂತಿ ಕೆಳಗೆ ತಳ್ಳಿದಾಗ ಪೆಟ್ರೋಲಿಗೂ ಅದೇ ಗತಿ. ನೆಗೆಟಿವ್ ಜಿ ಅಂದರೆ ಅದೇ. ಆಗ ಎರಡು ಹಂತದ ತೊಂದರೆ ಆಗ್ತಿತ್ತು. ಮೊದಲು ಪೆಟ್ರೋಲ್ ಚೇಂಬರಿನ ಮೇಲ್ಭಾಗಕ್ಕೆ ಹಾರಿ ತಳದ ಜೆಟ್‌ಗಳು ಒಣಗುತ್ತಿದ್ದವು. ಇಂಜಿನ್ ಕ್ಷಣಕಾಲ ಹಸಿದು ತಡವರಿಸೋದು. ಆಮೇಲೆ ಫ್ಲೋಟ್ ತಳಕ್ಕೆ ಹೋಗಿ ವಾಲ್ವ್ ಪೂರ್ತಿ ತೆರೆದುಕೊಳ್ಳೋದು. ಪಂಪು ತನ್ನ ಪೂರ್ತಿ ಬಲದಲ್ಲಿ ಪೆಟ್ರೋಲ್ ಸುರಿದು ಚೇಂಬರ್ ಉಕ್ಕಿಸೋದು. ಗಾಳಿಗಿಂತ ಪೆಟ್ರೋಲೇ ಅತಿಯಾಗಿ, ಎಕ್ಸಾಸ್ಟಿನಿಂದ ಕಪ್ಪು ಹೊಗೆ ಬಂದು, ಇಂಜಿನ್ ಮುಗ್ಗರಿಸೋದು. ಮೊದಲನೇದು ಹಸಿವು, ಎರಡನೇದು ಅಜೀರ್ಣ. ಜೀವ ತೆಗೆಯುವಂಥದ್ದು ಈ ಅಜೀರ್ಣವೇ, ಯಾಕಂದರೆ ಅದರಿಂದ ಚೇತರಿಸಿಕೊಳ್ಳೋಕೆ ಹೊತ್ತು ಹಿಡಿಯೋದು.

ಎದುರಾಳಿಯ ಮೆಸ್ಸರ್‌ಸ್ಮಿಟ್ 109ರ ಡೈಮ್ಲರ್ ಬೆಂಜ್ ಇಂಜಿನ್ನಿಗೆ ಈ ಕಾಟ ಇರಲಿಲ್ಲ. ಅದರಲ್ಲಿ ನೇರ ಇಂಜೆಕ್ಷನ್ ಇತ್ತು. ಬೆನ್ನು ಹತ್ತಿದ ಸ್ಪಿಟ್‌ಫೈರ್ ಅಥವಾ ಹರಿಕೇನ್‌ನಿಂದ ತಪ್ಪಿಸಿಕೊಳ್ಳಲು ಜರ್ಮನ್ ಪೈಲಟ್ ಮೂತಿ ತಗ್ಗಿಸಿ ನೇರ ಧುಮುಕಿಬಿಡುತ್ತಿದ್ದ. ಬ್ರಿಟಿಷ್ ಪೈಲಟ್ ಮಾತ್ರ ಮೊದಲು ವಿಮಾನವನ್ನ ಅರ್ಧ ಮಗುಚಿ, ಆಮೇಲೆ ಧುಮುಕಬೇಕು. ಹಾಗೆ ಮಾಡಿದರೆ ಪೆಟ್ರೋಲ್ ತಳ ಬಿಡುತ್ತಿರಲಿಲ್ಲ. ಆದರೆ ಅಷ್ಟರಲ್ಲಿ ಶತ್ರು ದೂರ ಹೋಗಿರುತ್ತಿದ್ದ.

ಹಾಗಾದರೆ ಬ್ರಿಟಿಷರೂ ಇಂಜೆಕ್ಷನ್ ಹಾಕಬಹುದಿತ್ತಲ್ಲ ಅಂತ ಕೇಳಬಹುದು. ಕಾರ್ಬ್ಯುರೇಟರಿಗೂ ಒಂದು ಲಾಭ ಇತ್ತು. ಸೂಪರ್‌ಚಾರ್ಜರಿಗೆ ಹೋಗುವ ಮೊದಲೇ ಪೆಟ್ರೋಲ್ ಆವಿಯಾಗಿ ಗಾಳಿಯನ್ನ ತಣ್ಣಗೆ ಮಾಡುತ್ತೆ. ತಣ್ಣನೆಯ ಗಾಳಿ ಹೆಚ್ಚು ಸಾಂದ್ರ, ಅದರಿಂದ ಹೆಚ್ಚು ಶಕ್ತಿ. ಜೊತೆಗೆ ಯುದ್ಧದ ನಡುವೆ ಇಡೀ ಇಂಧನ ವ್ಯವಸ್ಥೆಯನ್ನ ಬದಲಿಸುತ್ತಾ ಕೂರುವಷ್ಟು ಪುರುಸೊತ್ತೂ ಇರಲಿಲ್ಲ.

ಶಿಲ್ಲಿಂಗ್ ಎರಡು ತೊಂದರೆಗಳನ್ನ ಬಿಡಿಬಿಡಿಯಾಗಿ ನೋಡಿದರು. ಹಸಿವು ಕ್ಷಣದ್ದು, ಅದನ್ನ ಸದ್ಯಕ್ಕೆ ಸಹಿಸಬಹುದು. ಅಜೀರ್ಣವನ್ನ ತಡೆದರೆ ಸಾಕು. ಅದಕ್ಕೆ ಅವರು ಕಾರ್ಬ್ಯುರೇಟರಿಗೆ ಪೆಟ್ರೋಲ್ ತರುವ ಪೈಪಿನಲ್ಲಿ ತೂತಿರುವ ಒಂದು ಹಿತ್ತಾಳೆ ತಡೆಯನ್ನ ಕೂರಿಸಿದರು. ಮೊದಮೊದಲು ಅದರ ಆಕಾರ ದರ್ಜಿಯ ಅಂಗುಸ್ತಾನದ ಹಾಗಿತ್ತು, ಆಮೇಲೆ ಚಪ್ಪಟೆ ವಾಷರ್ ಆಯಿತು. ಇಂಜಿನ್ ಪೂರ್ತಿ ಶಕ್ತಿಯಲ್ಲಿ ಓಡುವಾಗ ಎಷ್ಟು ಪೆಟ್ರೋಲ್ ಬೇಕೋ ಅಷ್ಟು ಮಾತ್ರ ಆ ತೂತಿನಲ್ಲಿ ಹಾದುಹೋಗಬೇಕು. ಆಗ ಫ್ಲೋಟ್ ವಾಲ್ವ್ ಬಾಯಿ ತೆರೆದು ನಿಂತರೂ ಉಕ್ಕಿ ಹರಿಯುವಷ್ಟು ಪೆಟ್ರೋಲ್ ಬರುವುದಿಲ್ಲ.

ನಮ್ಮ ಫ್ಲೂಯಿಡ್ ಮೆಕ್ಯಾನಿಕ್ಸ್ ಲ್ಯಾಬಿನ ಆರಿಫೈಸ್ ಪ್ರಯೋಗಕ್ಕೂ ಇದಕ್ಕೂ ತತ್ವ ಒಂದೇ: ತೂತಿನ ಅಳತೆ, ಎರಡು ಬದಿಯ ಒತ್ತಡದ ವ್ಯತ್ಯಾಸ, ಹರಿವು. ಆದರೆ ಇಲ್ಲಿ ತಪ್ಪಿದರೆ ಹೋಗೋದು ಇಂಟರ್ನಲ್ಸ್ ಮಾರ್ಕಲ್ಲ. ಇಂಧನದ ಪೈಪಿಗೆ ಅಡ್ಡ ಇಡೋದು ಅಂದರೇನೇ ಅಪಾಯದ ಕೆಲಸ. ತೂತು ಸ್ವಲ್ಪ ದೊಡ್ಡದಾದರೆ ಹಳೇ ಕಾಟ ಹಾಗೇ ಉಳಿಯುತ್ತೆ. ಸ್ವಲ್ಪ ಚಿಕ್ಕದಾದರೆ ಟೇಕಾಫ್ ಹೊತ್ತಲ್ಲಿ, ಪೂರ್ತಿ ಶಕ್ತಿ ಬೇಕಾದ ಗಳಿಗೆಯಲ್ಲೇ, ಇಂಜಿನ್ ಹಸಿದು ನಿಲ್ಲುತ್ತೆ. ಒಂದೇ ತೂತು ಎಲ್ಲ ಇಂಜಿನ್ನಿಗೂ ಹೊಂದುವಂತಿರಲಿಲ್ಲ, ಅದಕ್ಕೇ ಇಂಜಿನ್ನಿನ ಬೂಸ್ಟ್ ಒತ್ತಡ ನೋಡಿ ಎರಡು ಅಳತೆಯಲ್ಲಿ ಮಾಡಿಸಿದರು.

ಇಷ್ಟಾದರೂ ಬಿಲ್ಲೆ ಫಾರ್ನ್‌ಬರೋದ ಮೇಜಿನ ಮೇಲೆ ಕೂತಿದ್ದರೆ ಯಾರಿಗೂ ಉಪಯೋಗ ಇರಲಿಲ್ಲ. ಅದನ್ನ ಜೋಡಿಸೋಕೆ ವಿಮಾನವನ್ನ ಸೇವೆಯಿಂದ ತೆಗೆದು ಕಾರ್ಖಾನೆಗೆ ಕಳಿಸಬೇಕಾಗಿರಲಿಲ್ಲ, ಅದೇ ಅದರ ದೊಡ್ಡ ಗುಣ. 1941ರ ಮಾರ್ಚ್ ಹೊತ್ತಿಗೆ ಶಿಲ್ಲಿಂಗ್ ಒಂದು ಚಿಕ್ಕ ತಂಡ ಕಟ್ಟಿಕೊಂಡು ಫೈಟರ್ ನೆಲೆಗಳನ್ನ ಸುತ್ತಿ, ಇಂಜಿನ್ನುಗಳಿಗೆ ಬಿಲ್ಲೆ ಹಾಕಿಸಿದರು. ಡಿಸೈನ್ ಮಾಡಿದವರೇ ಹ್ಯಾಂಗರಿಗೆ ಹೋದದ್ದು ನಮಗೆ ಈ ಕಥೆಯಲ್ಲಿ ತುಂಬಾ ಹಿಡಿಸಿದ ಭಾಗ.

ಈ ಬಿಲ್ಲೆಯೇ ಬ್ರಿಟನ್ ಕದನವನ್ನ ಗೆಲ್ಲಿಸಿತು ಅಂತ ಕೆಲವರು ಹೇಳ್ತಾರೆ. ಅದು ಸರಿಯಲ್ಲ. ಆ ಕದನ 1940ರ ಅಕ್ಟೋಬರಿಗೇ ಮುಗಿದಿತ್ತು. ಪೈಲಟ್‌ಗಳು ಆ ಬೇಸಿಗೆ ಪೂರ್ತಿ ಕೆಮ್ಮುವ ಇಂಜಿನ್ನಲ್ಲೇ ಹೋರಾಡಿದ್ದರು. ಬಿಲ್ಲೆ ನೆರವಾದದ್ದು ಅವರ ನಂತರ ಹಾರಿದವರಿಗೆ. ಅದು ಪೂರ್ಣ ಪರಿಹಾರವೂ ಅಲ್ಲ. ತಲೆಕೆಳಗಾಗಿ ತುಂಬ ಹೊತ್ತು ಹಾರಲು ಅದರಿಂದ ಆಗುತ್ತಿರಲಿಲ್ಲ. 1943ರಲ್ಲಿ ಫ್ಲೋಟ್ ಬೇಕಿಲ್ಲದ, ಒತ್ತಡದಿಂದ ಕೆಲಸ ಮಾಡುವ ಬೆಂಡಿಕ್ಸ್ ಕಾರ್ಬ್ಯುರೇಟರ್ ಬಂತು. ಅಲ್ಲಿಯವರೆಗಿನ ಎರಡು ವರ್ಷವನ್ನ ನಿಭಾಯಿಸಿದ್ದು ಈ ಬಿಲ್ಲೆ.

ಶಿಲ್ಲಿಂಗ್ ಅನ್ನೋದು ಆಗ ಬ್ರಿಟನ್ನಿನ ಒಂದು ನಾಣ್ಯದ ಹೆಸರೂ ಹೌದು. ಬಿಲ್ಲೆಗೆ ಜನ ಮಿಸ್ ಶಿಲ್ಲಿಂಗ್ಸ್ ಆರಿಫೈಸ್ ಅಂತ ಹೆಸರಿಟ್ಟರು. ಪ್ರೀತಿ ಇತ್ತು, ಜೊತೆಗೆ ಗಂಡಸರ ಪೋಲಿ ನಗೆಯೂ ಇತ್ತು. ಮದುವೆಯಾಗಿ ಎರಡು ವರ್ಷ ಆಗಿದ್ದರೂ ಮಿಸ್ ಅನ್ನೋದು ಹೋಗಲಿಲ್ಲ. ಶಿಲ್ಲಿಂಗ್ ಅದನ್ನ ಪಕ್ಕಕ್ಕಿಟ್ಟು ಮುಂದಿನ ಕೆಲಸ ಹಿಡಿದರು. ಅತ್ತ ಗಂಡ ನೇಲರ್ ಲ್ಯಾಂಕಾಸ್ಟರ್ ಬಾಂಬರ್ ಪೈಲಟ್ ಆಗಿದ್ದರು. ವಿಮಾನ ಹೊರಟು ವಾಪಸ್ ಬರುವವರೆಗಿನ ಗಂಟೆಗಳು ಅವರಿಗೆ ಬರೀ ಡೇಟಾ ಆಗಿರಲು ಸಾಧ್ಯವೇ ಇರಲಿಲ್ಲ.

ಯುದ್ಧದ ನಂತರ ಅವರಿಗೆ ಓಬಿಇ ಗೌರವ ಬಂತು. ಒದ್ದೆ ರನ್‌ವೇ ಮೇಲೆ ಬ್ರೇಕ್ ಹೇಗೆ ಹಿಡಿಯುತ್ತೆ ಅನ್ನೋದನ್ನ ಪರೀಕ್ಷಿಸಿದರು, ಬ್ಲೂ ಸ್ಟ್ರೀಕ್ ಕ್ಷಿಪಣಿಯ ಕೆಲಸದಲ್ಲೂ ಇದ್ದರು. ಬಿಡುವಿದ್ದಾಗ ಗಂಡನ ಜೊತೆ ಕಾರು ರೇಸು. 1969ರವರೆಗೆ ಅದೇ ಸಂಸ್ಥೆಯಲ್ಲಿ ದುಡಿದರೂ ಅತ್ಯುನ್ನತ ಹುದ್ದೆ ಮಾತ್ರ ಅವರಿಗೆ ಸಿಗಲಿಲ್ಲ. 1990ರ ನವೆಂಬರ್ 18ರಂದು ತೀರಿಕೊಂಡರು.

ಇಂದಿನ ಏರೋಬ್ಯಾಟಿಕ್ ವಿಮಾನಗಳ ಟ್ಯಾಂಕಿನಲ್ಲಿ ತೂಕ ಕಟ್ಟಿದ ಬಳಕುವ ಕೊಳವೆ ಇರುತ್ತೆ. ಪೆಟ್ರೋಲ್ ಯಾವ ಕಡೆ ಹೋದರೂ ಕೊಳವೆಯ ಬಾಯಿ ಆ ಕಡೆಗೇ ವಾಲುತ್ತೆ. ವಿಧಾನ ಬೇರೆ, ಪ್ರಶ್ನೆ ಮಾತ್ರ ಅದೇ: ವಿಮಾನ ಹೇಗೇ ತಿರುಗಿದರೂ ಇಂಜಿನ್ನಿಗೆ ಬೇಕಾದಷ್ಟೇ ಪೆಟ್ರೋಲ್ ತಲುಪಬೇಕು, ಹೆಚ್ಚೂ ಅಲ್ಲ, ಕಮ್ಮಿಯೂ ಅಲ್ಲ. ಪ್ರಾಜೆಕ್ಟ್ ಅಂದ ಕೂಡಲೇ ಎಲ್ಲವನ್ನೂ ಹೊಸದಾಗಿ ಕಟ್ಟೋಕೆ ಹೊರಡುವ ನಮಗೆ ಶಿಲ್ಲಿಂಗ್ ಮೇಡಂ ಇನ್ನೊಂದು ದಾರಿ ತೋರಿಸಿದ್ದಾರೆ. ಕೆಟ್ಟದ್ದನ್ನ ಹಂತ ಹಂತವಾಗಿ ಬಿಡಿಸಿ ನೋಡು, ಜೀವಕ್ಕೆ ಕುತ್ತಾಗಿರೋದನ್ನ ಮೊದಲು ಸರಿಮಾಡು, ಆಮೇಲೆ ಸ್ಪ್ಯಾನರ್ ಹಿಡಿದು ವಿಮಾನದ ಹತ್ತಿರ ಹೋಗು.