ಭೂಮಿಯ ನಾಡಿ ಹಿಡಿದ ಧರ್ಮಗುರು

1755ರ ನವೆಂಬರ್ 1, ಸಕಲ ಸಂತರ ಹಬ್ಬದ ದಿನ. ಪೋರ್ಚುಗಲ್‌ನ ಲಿಸ್ಬನ್ ನಗರದ ದೇವಾಲಯಗಳಲ್ಲಿ ಭಕ್ತರು ಬಲಿಪೂಜೆಗೆಂದು ನೆರೆದಿದ್ದ ವೇಳೆಯಲ್ಲಿಯೇ ಭೂಮಿ ಕಂಪಿಸಿತು. ಛಾವಣಿಗಳು ಪ್ರಾರ್ಥಿಸುತ್ತಿದ್ದವರ ಮೇಲೆಯೇ ಕುಸಿದವು; ಸಾವಿರಾರು ಮಂದಿ ಮಡಿದರು. ಜನರ ಪಾಪಕ್ಕೆ ದೇವರು ವಿಧಿಸಿದ ಶಿಕ್ಷೆಯಿದು ಎಂದು ಯೇಸುಸಭೆಯ ಫಾದರ್ ಗೇಬ್ರಿಯಲ್ ಮಲಗ್ರಿಡಾ ಬರೆದು ಸಾರಿದರು. ಮುಂದೆ ಅದೇ ಯೇಸುಸಭೆಯ ಇನ್ನೊಬ್ಬ ಗುರು, ಭೂಕಂಪದ ಕಾರಣವನ್ನು ಭೂಮಿಯ ಒಡಲಿನಲ್ಲಿಯೇ ಹುಡುಕುತ್ತ ತಮ್ಮ ಬಾಳನ್ನು ಸವೆಸಿದರು. ಅವರೇ ವಂದನೀಯ ಫಾದರ್ ಜೇಮ್ಸ್ ಬರ್ನಾರ್ಡ್ ಮ್ಯಾಕೆಲ್ವೇನ್.

ಅಮೆರಿಕದ ಒಹಾಯೊ ರಾಜ್ಯದಲ್ಲಿ, ಈರಿ ಸರೋವರದ ದಡದಲ್ಲಿರುವ ಪೋರ್ಟ್ ಕ್ಲಿಂಟನ್ ಪ್ರದೇಶದಲ್ಲಿ 1883ರ ಸೆಪ್ಟೆಂಬರ್ 28ರಂದು ಅವರ ಜನನವಾಯಿತು. 1903ರಲ್ಲಿ ಯೇಸುಸಭೆಯನ್ನು ಸೇರಿದರು. ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದ ಈ ಸಭೆಯ ವಿದ್ಯಾಪ್ರೇಮ ನಮಗೆ ಹೊಸದಲ್ಲ. ಗುರುದೀಕ್ಷೆ ಪಡೆದ ಬಳಿಕವೂ ಮ್ಯಾಕೆಲ್ವೇನ್ ವಿದ್ಯಾರ್ಥಿಯಾಗಿಯೇ ಮುಂದುವರಿದು, 1923ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಗಳಿಸಿದರು. ಭೂಕಂಪಶಾಸ್ತ್ರದಲ್ಲಿ ಅಮೆರಿಕ ನೀಡಿದ ಮೊತ್ತಮೊದಲ ಡಾಕ್ಟರೇಟ್ ಅದು.

ಈ ಶಾಸ್ತ್ರದ ಮರ್ಮವನ್ನು ಅರಿಯುವುದು ಕಷ್ಟವಲ್ಲ. ಹಲಸಿನ ಹಣ್ಣನ್ನು ಕೊಯ್ಯದೆಯೇ ಬೆರಳಿನಿಂದ ತಟ್ಟಿ ಒಳಗಿನ ಹದವನ್ನು ನಾವು ತಿಳಿಯುತ್ತೇವೆ. ಭೂಕಂಪವೂ ಭೂಮಿಯನ್ನು ಹಾಗೆಯೇ ತಟ್ಟುತ್ತದೆ. ಅದರ ಅಲೆಗಳು ಮೇಲಿನ ಚಿಪ್ಪಿನಲ್ಲಿ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್, ಅದರ ಕೆಳಗಿನ ಪದರದಲ್ಲಿ ಸುಮಾರು 8 ಕಿಲೋಮೀಟರ್ ವೇಗದಲ್ಲಿ ಸಾಗುತ್ತವೆ. ದೂರದೂರದ ಕೇಂದ್ರಗಳಿಗೆ ಅಲೆಗಳು ತಲಪಿದ ಸಮಯವನ್ನು ಹೋಲಿಸಿದರೆ ಚಿಪ್ಪಿನ ದಪ್ಪವೂ ಕಂಪನದ ಮೂಲಸ್ಥಾನವೂ ಗೊತ್ತಾಗುತ್ತವೆ. ಆದುದರಿಂದ ಇದು ಒಬ್ಬಂಟಿ ಪಂಡಿತನ ಕೆಲಸವಲ್ಲ. ಅನೇಕರು ಕೂಡಿ ನಡೆಸಬೇಕಾದ ಕಾಯಕ.

ಅಮೆರಿಕದ ಜೆಸುಯಿಟ್ ಕಾಲೇಜುಗಳಲ್ಲಿ ಭೂಕಂಪಮಾಪಕಗಳನ್ನು ಸ್ಥಾಪಿಸುವ ಯತ್ನವನ್ನು 1909ರಲ್ಲಿ ಫಾದರ್ ಫ್ರೆಡೆರಿಕ್ ಓಡೆನ್‌ಬಾಖ್ ಆರಂಭಿಸಿದ್ದರು. ಕಾಲಕ್ರಮೇಣ ಅದು ಸೊರಗಿತ್ತು. 1925ರಲ್ಲಿ ಮ್ಯಾಕೆಲ್ವೇನರು ಅದಕ್ಕೆ ಮರುಜೀವ ನೀಡಿ ಜೆಸುಯಿಟ್ ಭೂಕಂಪ ಸಂಘವನ್ನು ಕಟ್ಟಿದರು. ಅದೇ ವರ್ಷ ಸೇಂಟ್ ಲೂಯಿಸ್ ವಿಶ್ವವಿದ್ಯಾನಿಲಯದಲ್ಲಿ ಭೂಭೌತ ವಿಭಾಗವನ್ನು ತೆರೆದರು. ಹಲವು ಕಾಲೇಜುಗಳ ಗುರುಗಳು ಕಳುಹಿಸಿದ ಅಂಕಿಅಂಶಗಳನ್ನು ಅಲ್ಲಿ ಒಟ್ಟುಗೂಡಿಸಿ, ಭೂಕಂಪ ಎಲ್ಲಿ ಸಂಭವಿಸಿತೆಂದು ನಿರ್ಣಯಿಸಿ ಜಗತ್ತಿಗೆ ತಿಳಿಸಲಾಗುತ್ತಿತ್ತು.

ಭೂಕಂಪವಿಲ್ಲದ ದಿನಗಳಲ್ಲಿಯೂ ಯಂತ್ರಗಳು ಸೂಕ್ಷ್ಮ ಕಂಪನವನ್ನು ದಾಖಲಿಸುತ್ತಿದ್ದವು. ಅವರ ಶಿಷ್ಯ, ಕೊಲಂಬಿಯಾದ ಜೆಸುಯಿಟ್ ಎಮಿಲಿಯೊ ರಮಿರೆಜ್, ಈ ಕಂಪನಗಳು ಸಾಗರದ ಮೇಲಿನ ಬಿರುಗಾಳಿಗಳ ದಿಕ್ಕಿನಿಂದ ಬರುತ್ತವೆಂಬುದನ್ನು 1940ರಲ್ಲಿ ಪ್ರಕಟಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆ ಚಂಡಮಾರುತಗಳ ಜಾಡು ಹಿಡಿಯಲು ಈ ವಿಧಾನವನ್ನು ಬಳಸಿ ನೋಡಿತು.

1953ರಲ್ಲಿ ಮ್ಯಾಕೆಲ್ವೇನರು ಅಮೆರಿಕನ್ ಭೂಭೌತ ಒಕ್ಕೂಟದ ಅಧ್ಯಕ್ಷರಾದರು. ಆ ಹೊಣೆಯಲ್ಲಿರುವಾಗಲೇ 1956ರ ಫೆಬ್ರವರಿ 15ರಂದು ದೈವಾಧೀನರಾದರು. ಅವರ ನಂತರ ಅಧ್ಯಕ್ಷಪೀಠವೇರಿದ ಮೌರಿಸ್ ಯೂಯಿಂಗ್, ಸಮುದ್ರದಲ್ಲಿ ಸಿಡಿಮದ್ದು ಸ್ಫೋಟಿಸಿ ಕೃತಕ ಅಲೆಗಳನ್ನೆಬ್ಬಿಸಿ ಕಡಲತಳದ ಚಿಪ್ಪನ್ನು ಅಳೆದ ಸಾಹಸಿ. ಭೂಖಂಡಗಳ ಚಿಪ್ಪು ಸರಾಸರಿ 35 ಕಿಲೋಮೀಟರ್ ದಪ್ಪವಿದ್ದರೆ ಮಹಾಸಾಗರದ ಚಿಪ್ಪು ಬರೇ 6-7 ಕಿಲೋಮೀಟರ್ ಎಂಬುದು ಇಂಥ ಅಧ್ಯಯನಗಳಿಂದ ಸ್ಥಿರಪಟ್ಟಿತು.

ದ್ವೀಪಮಾಲೆಯ ಬೆನ್ನಹಿಂದೆ ನೆಲ ಹಿಗ್ಗಿ, ಬಿರಿದು ಹುಟ್ಟಿದ ಜಪಾನ್ ಸಮುದ್ರದ ತಳವನ್ನೂ ವಿಜ್ಞಾನಿಗಳು ಹೀಗೆಯೇ ಓದಿದ್ದಾರೆ. ಹಡಗಿನಿಂದ ಗಾಳಿಯ ಸ್ಫೋಟಗಳನ್ನು ಹೊಮ್ಮಿಸಿ, ತಳದಲ್ಲಿರಿಸಿದ ಮಾಪಕಗಳಿಂದ ಅಲೆಗಳನ್ನು ದಾಖಲಿಸುತ್ತಾರೆ. ಅಲ್ಲಿನ ಒಂದು ಭಾಗದ ಚಿಪ್ಪು ಸಾಗರದಂತೆ ತೆಳು. ಯಾಮಾಟೊ ಎಂಬ ಇನ್ನೊಂದು ಭಾಗದ್ದು ಅದರ ಸುಮಾರು ಇಮ್ಮಡಿ ದಪ್ಪ. ಇದು ಒಣ ಪಾಂಡಿತ್ಯವಲ್ಲ. 1983ರ ಮೇ 26ರಂದು ಇದೇ ಸಮುದ್ರದಲ್ಲಿ ಭೂಕಂಪವಾಗಿ ಎದ್ದ ಸುನಾಮಿಯು ಪ್ರವಾಸ ಬಂದಿದ್ದ ಶಾಲಾಮಕ್ಕಳನ್ನೂ ಬಲಿ ತೆಗೆದುಕೊಂಡಿತು. ಅಪಾಯ ಎಲ್ಲಿ ಅಡಗಿದೆಯೆಂದು ಅರಿಯದೆ ಎಚ್ಚರಿಸುವುದಾದರೂ ಹೇಗೆ?

ಆ ಮಕ್ಕಳು ಯಾವ ಪಾಪ ಮಾಡಿದ್ದರು? ಲಿಸ್ಬನ್‌ನಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದವರು ಯಾವ ಪಾಪ ಮಾಡಿದ್ದರು? ವಿಪತ್ತು ಎರಗಿದಾಗ ನೊಂದವರ ಮೇಲೆ ತಪ್ಪು ಹೊರಿಸುವುದು ಸುಲಭ. ದೇವರ ಸೃಷ್ಟಿಯ ನಿಯಮಗಳನ್ನು ತಾಳ್ಮೆಯಿಂದ ಅರಿತು ನೆರೆಯವರ ಪ್ರಾಣ ಉಳಿಸಲು ದುಡಿಯುವುದು ಕಷ್ಟ. ಮ್ಯಾಕೆಲ್ವೇನರ ಹೆಸರಿನಲ್ಲಿ 1961ರಲ್ಲಿ ಸ್ಥಾಪನೆಯಾದ ಪದಕ ಸಲ್ಲುವುದು ಯುವ ವಿಜ್ಞಾನಿಗಳಿಗೆ. ನಮ್ಮ ಮನೆಯ ಮಕ್ಕಳು ವಿಜ್ಞಾನದ ಹಾದಿ ಹಿಡಿದಾಗ ಅವರ ವಿಶ್ವಾಸ ಎಲ್ಲಿ ಕುಂದುವುದೋ ಎಂದು ಅಂಜದೆ, ಈ ಗುರುವಿನ ಬಾಳನ್ನು ಅವರಿಗೆ ತಿಳಿಸಿ ಹರಸೋಣ.