ಮೊದಲು ಹಾಡಿದವಳು

ಕ್ಯಾಂಪಸ್‌ನಲ್ಲಿ ಯಾವುದೇ ಬ್ಯಾಂಡ್ ಸ್ಟೇಜ್ ಹತ್ತಲಿ, ಕೆಳಗೆ ಕೂತ ನಾವೆಲ್ಲ ಕೇಳೋ ಮೊದಲ ಪ್ರಶ್ನೆ ಒಂದೇ: ಸ್ವಂತ ಹಾಡಾ, ಕವರ್ ಹಾಡಾ? ಕವರ್ ಅಂದ್ರೆ ಬೇರೆಯವರು ಈಗಾಗಲೇ ಹಾಡಿದ್ದನ್ನು ಮತ್ತೆ ಹಾಡೋದು. ಸ್ವಂತದ್ದಕ್ಕೆ ಒಂದು ಮರ್ಯಾದೆ, ಕವರ್‌ಗೆ ಇನ್ನೊಂದು. ಹಾಡು ಬರೆದವರದ್ದು, ಉಳಿದವರು ಎರವಲು ತಂದವರು ಅನ್ನೋದು ನಮ್ಮ ಲೆಕ್ಕ. ಈ ಲೆಕ್ಕಕ್ಕೆ ಸಿಗದ ಒಂದು ರಾಕ್ ಹಾಡಿದೆ. ಅದನ್ನು ಮೊದಲು ರೆಕಾರ್ಡ್ ಮಾಡಿದವಳು ಒಬ್ಬ ಫ್ಯಾಷನ್ ಮಾಡೆಲ್. ಈ ಸಂಚಿಕೆಯಲ್ಲಿ ಅವಳ ಕಥೆ ಹೇಳ್ತೀವಿ.

ಹಾಡಿನ ಹೆಸರು ‘ದೀಸ್ ಡೇಸ್’. ಬರೆದವನು ಅಮೆರಿಕದ ಜಾಕ್ಸನ್ ಬ್ರೌನ್. ಬರೆದಾಗ ಅವನಿಗೆ ಸುಮಾರು 16 ವರ್ಷ. ಮಾಡದೇ ಬಿಟ್ಟ ಕೆಲಸಗಳನ್ನು, ಕೈತಪ್ಪಿದ ಅವಕಾಶಗಳನ್ನು ನೆನೆಯುತ್ತಾ ಒಬ್ಬರೇ ನಡೆದು ಹೋಗುವವರ ಹಾಡು ಅದು. 1967ರಲ್ಲಿ ಅದನ್ನು ನಿಕೋ ಹಾಡಿದಳು. ಮರುವರ್ಷ ನಿಟ್ಟಿ ಗ್ರಿಟ್ಟಿ ಡರ್ಟ್ ಬ್ಯಾಂಡ್, 1970ರಲ್ಲಿ ಟಾಮ್ ರಶ್, 1973ರಲ್ಲಿ ಗ್ರೆಗ್ ಆಲ್‌ಮನ್ ಹಾಡಿದರು. ಬ್ರೌನ್ ತನ್ನ ಆಲ್ಬಂನಲ್ಲಿ ಅದನ್ನು ಹಾಕಿದ್ದು 1973ರಲ್ಲೇ, ಅದೂ ಆಲ್‌ಮನ್ ಹಾಡಿದ ನಿಧಾನ ಗತಿಯಿಂದ ಸ್ಫೂರ್ತಿ ಪಡೆದು. ಅಂದ್ರೆ ಬರೆದವನೇ ತನ್ನ ಹಾಡಿನ ಕವರ್ ಒಂದರಿಂದ ಕಲಿತು ಹಾಡಿದ. ಹಾಗಾದ್ರೆ ಇದರಲ್ಲಿ ಒರಿಜಿನಲ್ ಯಾವುದು?

ಉತ್ತರ ಹುಡುಕೋಕೆ ಮೊದಲು ಹಾಡಿದವಳ ಹತ್ತಿರ ಹೋಗಬೇಕು.

ನಿಕೋ ಅವಳ ಹುಟ್ಟುಹೆಸರಲ್ಲ. ಕ್ರಿಸ್ಟಾ ಪೆಫ್ಗನ್ ಎಂಬ ಹೆಸರಿನಲ್ಲಿ ಹುಟ್ಟಿದ್ದು ಜರ್ಮನಿಯ ಕಲೋನ್ ಊರಿನಲ್ಲಿ, 1938ರ ಅಕ್ಟೋಬರ್ 16ರಂದು. ಮರುವರ್ಷವೇ ಎರಡನೇ ಮಹಾಯುದ್ಧ ಶುರುವಾಯ್ತು. ಸೈನ್ಯಕ್ಕೆ ಹೋದ ಅಪ್ಪ ವಾಪಸ್ ಬರಲಿಲ್ಲ. ಅಮ್ಮ ಮಗುವನ್ನು ಕರ್ಕೊಂಡು ಬರ್ಲಿನ್ ಹತ್ತಿರದ ಲ್ಯುಬೆನೌ ಎಂಬ ಸಣ್ಣ ಊರಿಗೆ, ರೈಲ್ವೆಯಲ್ಲಿದ್ದ ತಾತನ ಮನೆಗೆ ಹೋದಳು. ಯುದ್ಧ ಮುಗಿದ ಮೇಲೆ ತಾಯಿ ಮಗಳು ಬಾಂಬಿಗೆ ನೆಲಸಮವಾದ ಬರ್ಲಿನ್‌ಗೆ ಬಂದರು. ಅಮ್ಮ ಬಟ್ಟೆ ಹೊಲಿದು ಸಂಸಾರ ನಡೆಸಿದಳು. ಮಗಳು ಸ್ಕೂಲು ಅರ್ಧಕ್ಕೆ ಬಿಟ್ಟು ಅಂಗಡಿ ಕೆಲಸಕ್ಕೆ ಸೇರಿದಳು. ಎತ್ತರದ ನಿಲುವು, ಎದ್ದು ಕಾಣುವ ಕೆನ್ನೆಮೂಳೆ. ಹದಿವಯಸ್ಸಿನಲ್ಲೇ ಮಾಡೆಲಿಂಗ್ ಕೆಲಸ ಸಿಕ್ಕಿತು.

ಹೊಸ ಹೆಸರು ಇಟ್ಟವನು ಫೋಟೋಗ್ರಾಫರ್ ಹರ್ಬರ್ಟ್ ಟೋಬಿಯಾಸ್. ಅವನಿಗೆ ನಿಕೋಸ್ ಪಪಟಾಕಿಸ್ ಎಂಬ ಸಿನಿಮಾ ಮಂದಿಯೊಬ್ಬನ ಮೇಲೆ ಮನಸ್ಸಿತ್ತು, ಆ ಹೆಸರನ್ನೇ ಈ ಹುಡುಗಿಗೆ ಇಟ್ಟ. ಬೇರೆ ಯಾರದೋ ನೆನಪಿಗೆ ಇಟ್ಟ ಗಂಡಸಿನ ಹೆಸರನ್ನು ಅವಳು ಕೊನೆವರೆಗೂ ಹೊತ್ತಳು. ಪ್ಯಾರಿಸ್‌ಗೆ ಹೋಗಿ ದೊಡ್ಡ ದೊಡ್ಡ ಫ್ಯಾಷನ್ ಪತ್ರಿಕೆಗಳಲ್ಲಿ ಮಿಂಚಿದಳು. 1960ರಲ್ಲಿ ಬಂದ ಫೆಲಿನಿಯ ‘ಲಾ ಡೋಲ್ಚೆ ವೀಟಾ’ ಸಿನಿಮಾದಲ್ಲಿ ಸಣ್ಣ ಪಾತ್ರ ಮಾಡಿದಳು. ಅಲ್ಲೂ ಅವಳು ಅವಳೇ, ಪಾತ್ರದ ಹೆಸರೂ ನಿಕೋನೇ.

ನ್ಯೂಯಾರ್ಕ್‌ನಲ್ಲಿ ಲೀ ಸ್ಟ್ರಾಸ್‌ಬರ್ಗ್ ಹತ್ತಿರ ನಟನೆ ಕಲಿತಳು. 1962ರಲ್ಲಿ ಮಗ ಆರಿ ಹುಟ್ಟಿದ. ಫ್ರೆಂಚ್ ನಟ ಅಲಾಂ ದೆಲಾನ್‌ನೇ ತಂದೆ ಅಂದಳು, ಅವನು ಕೊನೆವರೆಗೂ ಒಪ್ಪಲಿಲ್ಲ. ಆದರೆ ದೆಲಾನ್‌ನ ಹೆತ್ತ ತಾಯಿಯೇ ಆ ಮಗುವನ್ನು ಮನೆಗೆ ತಂದು ಸಾಕಿದಳು.

ಕ್ಯಾಮೆರಾ ಮುಂದೆ ನಿಂತು ನಿಂತು ಅವಳಿಗೆ ಸಾಕಾಗಿತ್ತು, ಹಾಡಬೇಕು ಅಂತ ಆಸೆ. 1965ರಲ್ಲಿ ಲಂಡನ್‌ನಲ್ಲಿ ಮೊದಲ ಸಿಂಗಲ್ ಬಂತು. ಅದು ಗಾರ್ಡನ್ ಲೈಟ್‌ಫುಟ್ ಬರೆದ ಹಾಡು, ಅಂದ್ರೆ ಶುರುವಾತೇ ಕವರ್‌ನಿಂದ. ಅದರಲ್ಲಿ ಗಿಟಾರ್ ನುಡಿಸಿದ ಹುಡುಗ ಮುಂದೆ ಲೆಡ್ ಝೆಪೆಲಿನ್ ಕಟ್ಟಿದ ಜಿಮ್ಮಿ ಪೇಜ್. ಆದರೂ ಸಿಂಗಲ್ ಓಡಲಿಲ್ಲ.

ಮರುವರ್ಷ ನ್ಯೂಯಾರ್ಕ್‌ನಲ್ಲಿ ಚಿತ್ರಕಾರ ಆಂಡಿ ವಾರ್ಹಾಲ್‌ನ ಗುಂಪು ಸೇರಿದಳು. ವಾರ್ಹಾಲ್ ಆಗ ವೆಲ್ವೆಟ್ ಅಂಡರ್‌ಗ್ರೌಂಡ್ ಎಂಬ ಹೊಸ ಬ್ಯಾಂಡ್‌ನ ಉಸ್ತುವಾರಿ ವಹಿಸಿಕೊಂಡಿದ್ದ. ಬ್ಯಾಂಡ್‌ಗೆ ಒಂದು ಮುಖ ಬೇಕು ಅಂತ ಅವನ ಕಡೆಯವರು ನಿಕೋಳನ್ನು ತಂದು ನಿಲ್ಲಿಸಿದರು. ಹಾಡು ಬರೆಯುತ್ತಿದ್ದ ಲೂ ರೀಡ್‌ಗೆ ಇದು ಅಷ್ಟಾಗಿ ಇಷ್ಟ ಇರಲಿಲ್ಲ. 1967ರ ಮಾರ್ಚ್‌ನಲ್ಲಿ ಬಂದ ಅವರ ಮೊದಲ ಆಲ್ಬಂನ ಹೊದಿಕೆ ಮೇಲೆ ವಾರ್ಹಾಲ್‌ನ ಹಳದಿ ಬಾಳೆಹಣ್ಣು. ಹೆಸರು ‘ದಿ ವೆಲ್ವೆಟ್ ಅಂಡರ್‌ಗ್ರೌಂಡ್ ಆ್ಯಂಡ್ ನಿಕೋ’. ಒಳಗಿರೋ 11 ಹಾಡುಗಳಲ್ಲಿ ಅವಳು ಮುಖ್ಯ ದನಿಯಾಗಿ ಹಾಡಿದ್ದು ಮೂರು. ಬ್ಯಾಂಡ್‌ನ ಒಳಗೂ ಅಲ್ಲ, ಹೊರಗೂ ಅಲ್ಲ, ‘ಆ್ಯಂಡ್’ ಆಚೆ ನಿಂತ ಅತಿಥಿ. ಆಗ ಹೆಚ್ಚು ಮಾರಾಟವಾಗದ ಆ ರೆಕಾರ್ಡ್ ಇವತ್ತು ರಾಕ್ ಚರಿತ್ರೆಯ ದೊಡ್ಡ ಆಲ್ಬಂಗಳಲ್ಲಿ ಒಂದು. ಆ ಮೂರು ಹಾಡುಗಳಲ್ಲಿ ‘ಫೆಮ್ ಫಟಾಲ್’ ಅನ್ನು ಮುಂದೆ ಬಿಗ್ ಸ್ಟಾರ್ ಮತ್ತು ಆರ್‌ಇಎಂ ಹಾಡಿದರು. ‘ಆಲ್ ಟುಮಾರೋಸ್ ಪಾರ್ಟೀಸ್’ ಅನ್ನು 1979ರಲ್ಲಿ ಜಪಾನ್ ಎಂಬ ಇಂಗ್ಲಿಷ್ ಬ್ಯಾಂಡ್ ಹಾಡಿತು. ಬರೆದವನು ರೀಡ್, ಆದರೆ ಆಮೇಲೆ ಹಾಡುವವರ ಕಿವಿಯಲ್ಲಿ ಮೊದಲು ಇರೋದು ನಿಕೋಳ ದನಿ.

ಆ ದನಿ ಹೇಗಿತ್ತು ಅಂತ ಹೇಳಲೇಬೇಕು. ಹೆಣ್ಣು ದನಿ ಅಂದ್ರೆ ನಾವು ನಿರೀಕ್ಷಿಸೋ ಎತ್ತರದ ಸ್ಥಾಯಿ ಇಲ್ಲ. ತಗ್ಗಿದ, ಭಾರವಾದ ದನಿ, ಜರ್ಮನ್ ಉಚ್ಚಾರಣೆ. ಗಮಕ, ಏರಿಳಿತ ಏನೂ ಇಲ್ಲ, ಸ್ವರ ಹಿಡಿದರೆ ಹಿಡಿದಂಗೆ ನೇರ ನಿಲ್ಲುತ್ತೆ. ಕೆಲವರಿಗೆ ಹಾಡೋಕೆ ಬರಲ್ಲ ಅನ್ನಿಸಿತು. ಇನ್ನು ಕೆಲವರಿಗೆ ಇಂಥದ್ದನ್ನು ಎಲ್ಲೂ ಕೇಳಿಲ್ಲ ಅನ್ನಿಸಿತು.

ಬ್ಯಾಂಡ್‌ನಿಂದ ದೂರವಾಗುತ್ತಾ ಅವಳು ನ್ಯೂಯಾರ್ಕ್‌ನ ‘ದಿ ಡಾಮ್’ ಎಂಬ ಕ್ಲಬ್ಬಿನಲ್ಲಿ ಒಬ್ಬಳೇ ಹಾಡತೊಡಗಿದಳು. ಗಿಟಾರ್ ನುಡಿಸೋಕೆ ಬಂದವರಲ್ಲಿ ಒಬ್ಬ 18ರ ಹುಡುಗ ಜಾಕ್ಸನ್ ಬ್ರೌನ್. ಅವನ ಚೀಲದಲ್ಲಿದ್ದ ‘ದೀಸ್ ಡೇಸ್’ ಹೀಗೆ ಅವಳ ಕೈಗೆ ಬಂತು. ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ನುಡಿಸು ಅಂದದ್ದು ವಾರ್ಹಾಲ್ ಅಂತ ಬ್ರೌನ್ ಆಮೇಲೆ ಹೇಳಿಕೊಂಡಿದ್ದಾನೆ. ಅವನು ಬೆರಳಲ್ಲಿ ಒಂದೊಂದೇ ತಂತಿ ಮೀಟುತ್ತಾ ಹೋದ, ಅವಳು ಹಾಡಿದಳು. 16ರ ಹುಡುಗ ಬರೆದ ವಿಷಾದ ಊಹೆಯದ್ದಿರಬಹುದು. ಹಾಡಿದವಳಿಗೆ ಆಗ 28. ಯುದ್ಧ ನೋಡಿದ್ದಳು, ಮಗ ಸಮುದ್ರದಾಚೆ ಬೇರೆಯವರ ಮನೆಯಲ್ಲಿ ಬೆಳೀತಿದ್ದ. ಅದೇ ಸಾಲುಗಳಿಗೆ ಬೇರೆ ಭಾರ ಬಂದದ್ದು ಹಾಗೆ.

ಈಗ ನಮ್ಮಂಥ ಎಂಜಿನಿಯರಿಂಗ್ ಮಂದಿಗೆ ಆಸಕ್ತಿ ಹುಟ್ಟಿಸೋ ಭಾಗ. ಆ ಕಾಲಕ್ಕೆ ಮಲ್ಟಿಟ್ರ್ಯಾಕ್ ಟೇಪ್ ಸ್ಟುಡಿಯೋಗಳಿಗೆ ಬಂದಾಗಿತ್ತು. ಒಂದೇ ಟೇಪಿನ ಅಗಲದಲ್ಲಿ ಸಾಲು ಸಾಲಾಗಿ ಬೇರೆ ಬೇರೆ ಟ್ರ್ಯಾಕ್. ಒಂದರಲ್ಲಿ ದನಿ, ಇನ್ನೊಂದರಲ್ಲಿ ಗಿಟಾರ್, ಉಳಿದದ್ದು ಖಾಲಿ. ಹಾಡಿದವರು ಮನೆಗೆ ಹೋದ ಮೇಲೂ ಖಾಲಿ ಟ್ರ್ಯಾಕ್‌ಗಳಲ್ಲಿ ಏನು ಬೇಕಾದ್ರೂ ತುಂಬಬಹುದು. ನಿಕೋಳ ಮೊದಲ ಸೋಲೋ ಆಲ್ಬಂ ‘ಚೆಲ್ಸಿ ಗರ್ಲ್’ನ ನಿರ್ಮಾಪಕ ಟಾಮ್ ವಿಲ್ಸನ್‌ಗೆ ಈ ಕೈಚಳಕ ಚೆನ್ನಾಗಿ ಗೊತ್ತಿತ್ತು. 1965ರಲ್ಲಿ ಸೈಮನ್ ಮತ್ತು ಗಾರ್ಫಂಕಲ್ ಅವರ ‘ದಿ ಸೌಂಡ್ ಆಫ್ ಸೈಲೆನ್ಸ್’ ಹಾಡಿಗೆ, ಅವರಿಬ್ಬರಿಗೂ ಹೇಳದೆ, ಎಲೆಕ್ಟ್ರಿಕ್ ಗಿಟಾರ್ ಮತ್ತು ಡ್ರಮ್ಸ್ ಸೇರಿಸಿದವನು ಇವನೇ. ಆ ಹಾಡು ಅಮೆರಿಕದಲ್ಲಿ ನಂಬರ್ ಒನ್ ಆಯ್ತು. ನಿಕೋಳ ಹಾಡುಗಳಿಗೂ ಹಾಗೇ, ಅವಳನ್ನು ಕೇಳದೆ, ಲ್ಯಾರಿ ಫ್ಯಾಲನ್ ಎಂಬುವವನಿಂದ ಪಿಟೀಲು ಮತ್ತು ಕೊಳಲಿನ ಭಾಗ ಬರೆಸಿ ಸೇರಿಸಿದ. ಅವಳು ಕೇಳಿದ್ದು ಡ್ರಮ್ಸ್, ಇನ್ನಷ್ಟು ಗಿಟಾರ್. ಸಿಕ್ಕಿದ್ದು ಕೊಳಲು.

1967ರ ಅಕ್ಟೋಬರ್‌ನಲ್ಲಿ ಬಂದ ರೆಕಾರ್ಡ್ ಕೇಳಿ ನಿಕೋ ಅತ್ತಳು. ಆ ಕೊಳಲನ್ನು ಅವಳು ಯಾವತ್ತೂ ಕ್ಷಮಿಸಲಿಲ್ಲ. ಇದು ಬರೀ ವಾದ್ಯದ ವಿಷಯ ಅಲ್ಲ ಅಂತ ನಮಗನ್ನಿಸುತ್ತೆ. ಹೆಸರು ಇಟ್ಟವರು ಯಾರೋ, ಬಟ್ಟೆ ತೊಡಿಸಿದವರು ಯಾರೋ, ಬ್ಯಾಂಡ್‌ನಲ್ಲಿ ನಿಲ್ಲಿಸಿದವರು ಯಾರೋ, ಹಾಡು ಬರೆದುಕೊಟ್ಟವರು ಯಾರೋ. ತನ್ನದು ಅಂತ ಇದ್ದದ್ದು ದನಿ ಒಂದೇ, ಅದಕ್ಕೂ ಕೇಳದೆ ಅಲಂಕಾರ ಮಾಡಿಬಿಟ್ಟಿದ್ದರು.

ಅದೇ ಹೊತ್ತಿಗೆ ಡೋರ್ಸ್ ಬ್ಯಾಂಡ್‌ನ ಜಿಮ್ ಮಾರಿಸನ್ ಅವಳಿಗೆ, ಕಂಡ ಕನಸುಗಳನ್ನು ಬರೆದಿಡು, ಹಾಡು ನೀನೇ ಬರಿ ಅಂತ ಹುರುಪು ತುಂಬಿದ. ಅವಳಿಗೆ ಸಂಗೀತದ ಪಾಠ ಆಗಿರಲಿಲ್ಲ. ಹಿಡಿದದ್ದು ಕಾಲಲ್ಲಿ ತುಳಿದು ಗಾಳಿ ತುಂಬೋ ಹಾರ್ಮೋನಿಯಂ. ನಮ್ಮ ಕಂಪನಿ ನಾಟಕದವರು ಲೆಗ್ ಹಾರ್ಮೋನಿಯಂ ಅಂತಿದ್ದದ್ದು ಇಂಥದ್ದನ್ನೇ. ತಿದಿಯ ಗಾಳಿ ಹಿತ್ತಾಳೆಯ ರೀಡ್‌ಗಳನ್ನು ಅದುರಿಸುತ್ತೆ, ಪ್ರತಿ ರೀಡ್‌ಗೂ ಒಂದೇ ಸ್ವರ, ಗಾಳಿ ಇರೋವರೆಗೂ ಅದು ನಿಲ್ಲೋದಿಲ್ಲ. ಶ್ರುತಿಪೆಟ್ಟಿಗೆ ಕೇಳಿ ಗೊತ್ತಿರೋ ನಮಗೆ ಇದು ಹೊಸದಲ್ಲ. ಏರಿಳಿತ ಇಲ್ಲದೆ ನೇರ ನಿಲ್ಲೋ ಅವಳ ದನಿಗೆ ಇದಕ್ಕಿಂತ ಸರಿಯಾದ ಜೊತೆ ಸಿಗ್ತಿರಲಿಲ್ಲ.

ಹೊಂಬಣ್ಣದ ಕೂದಲಿಗೆ ಬೇರೆ ಬಣ್ಣ ಹಚ್ಚಿದಳು, ಬಿಳಿ ಪ್ಯಾಂಟ್‌ಸೂಟ್ ಹೋಗಿ ಕಪ್ಪು ಬಟ್ಟೆ ಬಂತು. 1968ರಲ್ಲಿ ‘ದಿ ಮಾರ್ಬಲ್ ಇಂಡೆಕ್ಸ್’ ಆಲ್ಬಂ ಹೊರಬಂತು, ಹಾಡುಗಳೆಲ್ಲ ಅವಳದ್ದೇ. ಅವಳ ದನಿ ಮತ್ತು ಹಾರ್ಮೋನಿಯಂ ಮೊದಲು ರೆಕಾರ್ಡ್ ಮಾಡಿ, ವೆಲ್ವೆಟ್ಸ್‌ನಲ್ಲಿ ಜೊತೆಗಿದ್ದ ಜಾನ್ ಕೇಲ್ ಆಮೇಲೆ ವಯೋಲಾ, ಗಂಟೆ, ಇನ್ನೂ ಏನೇನೋ ಸೇರಿಸಿದ. ಗಮನಿಸಿ, ತಂತ್ರ ಅದೇ, ಖಾಲಿ ಟ್ರ್ಯಾಕ್ ತುಂಬೋದು. ಈ ಸಲವೂ ಕೇಳಿ ಅತ್ತಳು, ಆದರೆ ಎಷ್ಟು ಚೆನ್ನಾಗಿದೆ ಅಂತ ಅತ್ತಳು ಎಂದು ಕೇಲ್ ನೆನಪಿಸಿಕೊಂಡಿದ್ದಾನೆ. ವಿಲ್ಸನ್ ಸೇರಿಸಿದ್ದು ಜನರಿಗೆ ಹಿತವಾಗಲಿ ಅಂತ, ಕೇಲ್ ಸೇರಿಸಿದ್ದು ಅವಳ ದನಿ ಎಲ್ಲಿಗೆ ಹೋಗ್ತಿದೆ ಅಂತ ಕೇಳಿಸಿಕೊಂಡು. ಆಲ್ಬಂ ಮಾತ್ರ ಮಾರಾಟ ಆಗಲೇ ಇಲ್ಲ.

ಆಮೇಲೆ ಅವಳು ಬೇರೆಯವರ ಹಾಡು ಹಾಡಿದಾಗಲೂ ಅದು ಎರವಲು ಅನ್ನಿಸಲಿಲ್ಲ. 1971ರಲ್ಲಿ ಮಾರಿಸನ್ ತೀರಿಕೊಂಡ. 1974ರ ಆಲ್ಬಂನಲ್ಲಿ ಅವನ ಬ್ಯಾಂಡ್‌ನ ‘ದಿ ಎಂಡ್’ ಅನ್ನು ಹಾರ್ಮೋನಿಯಂ ಮೇಲೆ ಹಾಡಿದಳು. ಬೋವಿಯ ‘ಹೀರೋಸ್’ ಬರ್ಲಿನ್ ಗೋಡೆಯ ನೆರಳಲ್ಲಿ ಹುಟ್ಟಿದ ಹಾಡು. ಬರ್ಲಿನ್‌ನ ಕಲ್ಲುಮಣ್ಣಿನ ರಾಶಿಯ ನಡುವೆ ಬೆಳೆದ ನಿಕೋ ಅದನ್ನು 1981ರ ‘ಡ್ರಾಮಾ ಆಫ್ ಎಕ್ಸೈಲ್’ನಲ್ಲಿ ಹಾಡಿದಳು.

ಇಷ್ಟು ಹೇಳಿ ಮುಗಿಸಿದರೆ ಅರ್ಧ ಸುಳ್ಳಾಗುತ್ತೆ. ಹೆರಾಯಿನ್ ಚಟ ಅವಳ ಹದಿನೈದು ವರ್ಷಕ್ಕೂ ಹೆಚ್ಚು ಬದುಕನ್ನು ತಿಂದಿತು. ದುಡ್ಡಿಗಾಗಿ ಊರೂರು ಸುತ್ತಿ ಸಣ್ಣ ಸಣ್ಣ ಕ್ಲಬ್ಬುಗಳಲ್ಲಿ ಹಾಡಿದಳು, 1980ರ ದಶಕದಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ನೆಲೆಸಿದಳು. ಮಗನೂ ಅದೇ ಚಟಕ್ಕೆ ಬಿದ್ದ. ಜನಾಂಗದ್ವೇಷದ ಮಾತಾಡಿದ್ದಳು ಅಂತ ಜೊತೆಗಿದ್ದವರು ದಾಖಲಿಸಿದ್ದಾರೆ. ಅವಳಿಗೆ ಆದ ಅನ್ಯಾಯ ಇದಕ್ಕೆಲ್ಲ ಸಮಜಾಯಿಷಿ ಆಗೋದಿಲ್ಲ. ಸುಂದರ ಮುಖ ನೋಡಿ ಮೆರೆಸಿದವರ ಹಾಗೆ, ದನಿ ಕೇಳಿ ನಾವೂ ಅವಳನ್ನು ದೇವಿ ಮಾಡಿ ಕೂರಿಸಬೇಕಿಲ್ಲ.

ಕೊನೆಯ ವರ್ಷಗಳಲ್ಲಿ ಚಟದಿಂದ ಹೊರಬರೋಕೆ ಚಿಕಿತ್ಸೆ ತಗೊಳ್ತಿದ್ದಳು. 1988ರ ಜೂನ್‌ನಲ್ಲಿ ಬರ್ಲಿನ್‌ನ ಪ್ಲಾನೆಟೇರಿಯಂನಲ್ಲಿ ಹಾಡಿದಳು. ಮುಂದಿನ ತಿಂಗಳು ಸ್ಪೇನ್‌ನ ಇಬಿಜಾ ದ್ವೀಪದಲ್ಲಿ, ಸುಡುಬಿಸಿಲಿನಲ್ಲಿ ಸೈಕಲ್ ತುಳಿಯುತ್ತಾ ಹೋಗುವಾಗ ಬಿದ್ದಳು. ಮೆದುಳಿನಲ್ಲಿ ರಕ್ತಸ್ರಾವ ಆಗಿತ್ತು. ಜುಲೈ 18ರಂದು ತೀರಿಕೊಂಡಳು, ವಯಸ್ಸು 49. ಬರ್ಲಿನ್‌ನ ಗ್ರೂನೆವಾಲ್ಡ್ ಕಾಡಿನ ಸ್ಮಶಾನದಲ್ಲಿ, ಬಟ್ಟೆ ಹೊಲಿದು ಸಾಕಿದ ಅಮ್ಮನ ಸಮಾಧಿಯಲ್ಲೇ ಅವಳನ್ನೂ ಇಟ್ಟರು.

2001ರಲ್ಲಿ ವೆಸ್ ಆ್ಯಂಡರ್ಸನ್ ತನ್ನ ‘ದಿ ರಾಯಲ್ ಟೆನನ್‌ಬಾಮ್ಸ್’ ಸಿನಿಮಾದಲ್ಲಿ, ಬಸ್ಸಿಳಿದು ಬರುವ ಹುಡುಗಿಯ ದೃಶ್ಯಕ್ಕೆ ನಿಕೋ ಹಾಡಿದ ‘ದೀಸ್ ಡೇಸ್’ ಹಾಕಿದ. ಅವಳು ಸತ್ತ ಮೇಲೆ ಹುಟ್ಟಿದ ಎಷ್ಟೋ ಜನಕ್ಕೆ ಆ ದನಿ ತಲುಪಿದ್ದು ಹಾಗೆ. ಆಮೇಲೆ ಸೇಂಟ್ ವಿನ್ಸೆಂಟ್ ಹಾಡಿದಳು, 2008ರಲ್ಲಿ ಗ್ಲೆನ್ ಕ್ಯಾಂಬೆಲ್ ಹಾಡಿದ. ಒಬ್ಬೊಬ್ಬರದ್ದೂ ಒಂದೊಂದು ಚಾಲು, ಒಬ್ಬೊಬ್ಬರ ಬಾಯಲ್ಲಿ ಒಂದೊಂದು ವಯಸ್ಸು. ಒರಿಜಿನಲ್ ಯಾವುದು ಅಂದ್ರೆ ನಾವು ಒಂದನ್ನೇ ತೋರಿಸಲಾರೆವು. ಬರೆದದ್ದು ಒಬ್ಬ, ಹಾಡಿ ಅದಕ್ಕೆ ಬದುಕು ಕೊಟ್ಟವರು ಹಲವರು, ಅವರಲ್ಲಿ ಮೊದಲನೆಯವಳು ನಿಕೋ.

ಸಿನಿಮಾದಲ್ಲಿರೋದು ಅವಳು ಅತ್ತ ಅದೇ ರೆಕಾರ್ಡಿಂಗ್, ಪಿಟೀಲುಗಳ ಸಮೇತ. ಯೂಟ್ಯೂಬ್‌ನಲ್ಲಿ ಸಿಗುತ್ತೆ. ಒಮ್ಮೆ ಹೆಡ್‌ಫೋನ್ ಹಾಕ್ಕೊಂಡು ಕೇಳಿ. ಮೇಲೆ ಬಳಿದ ಸಿಂಗಾರದ ಕೆಳಗೆ, ಬ್ರೌನ್‌ನ ಬೆರಳುಗಳ ಪಕ್ಕದಲ್ಲಿ, ಆ ತಗ್ಗಿದ ದನಿ ನೇರವಾಗಿ ನಡ್ಕೊಂಡು ಹೋಗ್ತಿರುತ್ತೆ.