ಪಾಲ್ ಬ್ರೋಕಾ: ಮಾತು ಮತ್ತು ಮಿದುಳಿನ ಶೋಧ

ಭಾಷಾವಿಜ್ಞಾನದ ಪಠ್ಯಗಳಲ್ಲಿ ಮಿದುಳು ಮತ್ತು ಮಾತಿನ ಸಂಬಂಧದ ಚರ್ಚೆ ಬಂದಾಗಲೆಲ್ಲ ಪಾಲ್ ಬ್ರೋಕಾನ ಹೆಸರು ಕಾಣಿಸಿಕೊಳ್ಳುತ್ತದೆ. ಆದರೆ ಆ ಹೆಸರು ಮಿದುಳಿನ ಒಂದು ಭಾಗಕ್ಕೆ ಅಂಟಿದ ಗುರುತಾಗಿ ಉಳಿದಿದೆಯೇ ಹೊರತು ಅದರ ಹಿಂದಿನ ಬದುಕು ಕನ್ನಡದ ಅಧ್ಯಯನಗಳಲ್ಲಿ ಅಷ್ಟಾಗಿ ಪ್ರಸ್ತಾಪಗೊಳ್ಳುವುದಿಲ್ಲ. ಬ್ರೋಕಾನ ಸಾಧನೆ ಮತ್ತು ಮಿತಿ ಎರಡನ್ನೂ ಅರಿಯಲು ಆ ಬದುಕಿನ ಪರಿಚಯ ಅಗತ್ಯ.

ಬ್ರೋಕಾ 1824ರ ಜೂನ್ 28ರಂದು ಫ್ರಾನ್ಸಿನ ನೈಋತ್ಯ ಭಾಗದ ಸೇಂತ್-ಫಾ-ಲ-ಗ್ರಾಂದ್ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದನು. ತಂದೆ ವೈದ್ಯ, ತಾಯಿ ಪ್ರಾಟೆಸ್ಟಂಟ್ ಬೋಧಕನ ಮಗಳು. ಹದಿನೇಳನೆಯ ವಯಸ್ಸಿಗೆ ಪ್ಯಾರಿಸ್‌ನಲ್ಲಿ ವೈದ್ಯಕೀಯ ಅಧ್ಯಯನ ಆರಂಭಿಸಿದ ಅವನು ಮುಂದೆ ಅಲ್ಲಿಯೇ ಶಸ್ತ್ರವೈದ್ಯನಾಗಿ, ಅಂಗರಚನಾಶಾಸ್ತ್ರಜ್ಞನಾಗಿ ಹೆಸರಾದನು. 1859ರಲ್ಲಿ ಪ್ಯಾರಿಸ್‌ನ ಮಾನವಶಾಸ್ತ್ರ ಸಂಘವನ್ನು ಸ್ಥಾಪಿಸಿದನು. ಮನುಷ್ಯನ ಕುರಿತ ಮುಕ್ತ ಚರ್ಚೆಯನ್ನು ಅಂದಿನ ಪ್ರಭುತ್ವ ಅನುಮಾನದಿಂದ ನೋಡುತ್ತಿದ್ದುದರಿಂದ ಸಂಘದ ಸಭೆಗಳಲ್ಲಿ ಪೊಲೀಸ್ ಅಧಿಕಾರಿಯೊಬ್ಬ ಹಾಜರಿರುತ್ತಿದ್ದನು.

1861ರ ಆರಂಭದಲ್ಲಿ ಈ ಸಂಘದಲ್ಲಿ ಒಂದು ವಾದ ನಡೆಯಿತು. ಮಿದುಳು ಅಖಂಡವಾಗಿ ಕೆಲಸ ಮಾಡುತ್ತದೆಯೆಂಬುದು ಗ್ರಾಸಿಯೊಲೆಯ ಪಕ್ಷ. ಮಾತಿನ ನೆಲೆ ಮಿದುಳಿನ ಮುಂಭಾಗದಲ್ಲಿದೆ ಎಂಬುದು ಓಬುರ್ತಾಂನ ಪಕ್ಷ. ಅವನ ಮಾವ ಬುಯೋ 1825ರಿಂದಲೇ ಇದನ್ನು ಪ್ರತಿಪಾದಿಸುತ್ತ ಬಂದಿದ್ದನು. ಇದೇ ಸಮಯದಲ್ಲಿ, ಏಪ್ರಿಲ್ 11ರಂದು, ಬಿಸೇತ್ರ್ ಆಸ್ಪತ್ರೆಯಲ್ಲಿದ್ದ ಬ್ರೋಕಾನ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಐವತ್ತೊಂದು ವರ್ಷದ ಲೆಬೋರ್ನ್ ಎಂಬ ರೋಗಿಯನ್ನು ತರಲಾಯಿತು. ಅವನ ಬಲಗಾಲು ಕೊಳೆಯತೊಡಗಿತ್ತು. ಮೂವತ್ತರ ಹರೆಯದಲ್ಲಿ ಮಾತು ಕಳೆದುಕೊಂಡಿದ್ದ ಅವನು ಇಪ್ಪತ್ತೊಂದು ವರ್ಷಗಳಿಂದ ಅದೇ ಆಸ್ಪತ್ರೆಯ ವಾಸಿಯಾಗಿದ್ದನು. ಕಾಲಾಂತರದಲ್ಲಿ ಬಲಗೈ, ಬಲಗಾಲುಗಳೂ ಸ್ವಾಧೀನ ತಪ್ಪಿದ್ದವು. ಏನು ಕೇಳಿದರೂ ಅವನ ಬಾಯಿಂದ ಬರುತ್ತಿದ್ದುದು 'ತಾಂ' ಎಂಬ ಒಂದೇ ಅಕ್ಷರ. ಸಿಟ್ಟು ಬಂದಾಗ ಮಾತ್ರ ಒಂದು ಬೈಗುಳ ಹೊರಡುತ್ತಿತ್ತು. ಆದರೂ ಇತರರ ಮಾತು ಅವನಿಗೆ ಬಹುಮಟ್ಟಿಗೆ ಅರ್ಥವಾಗುತ್ತಿತ್ತು.

ಬ್ರೋಕಾ ಅವನನ್ನು ಬುದ್ಧಿಹೀನನೆಂದು ಬದಿಗೆ ಸರಿಸಲಿಲ್ಲ. ಪ್ರಶ್ನೆಗಳನ್ನು ಕೇಳಿ ಕೈಸನ್ನೆಯ ಉತ್ತರಗಳನ್ನು ಗಮನಿಸಿದನು. ಓಬುರ್ತಾಂನನ್ನು ಕರೆಸಿ ಪರೀಕ್ಷಿಸಲು ಹೇಳಿದನು. ಏಪ್ರಿಲ್ 17ರಂದು ಲೆಬೋರ್ನ್ ತೀರಿಕೊಂಡನು. ಮರುದಿನವೇ ಬ್ರೋಕಾ ಅವನ ಮಿದುಳನ್ನು ಸಂಘದ ಮುಂದಿಟ್ಟು, ಎಡಭಾಗದ ಮುಂದಿನ ಹಾಲೆಯಲ್ಲಿ ಆಗಿದ್ದ ಹಾನಿಯನ್ನು ತೋರಿಸಿದನು. ಅದೇ ವರ್ಷ ಲೆಲಾಂಗ್ ಎಂಬ ಎರಡನೆಯ ರೋಗಿಯ ಮಿದುಳಿನಲ್ಲಿಯೂ ಅದೇ ಭಾಗ ಹಾನಿಗೊಂಡಿದ್ದುದು ಕಂಡಿತು. ಲೆಲಾಂಗ್‌ನ ಬಳಿ ಉಳಿದಿದ್ದುದು ಐದೇ ಪದಗಳು.

ಬ್ರೋಕಾ ಈ ಸ್ಥಿತಿಯನ್ನು 'ಅಫೇಮಿ' ಎಂದು ಕರೆದನು. 1864ರಲ್ಲಿ ಟ್ರೂಸೋ ಸೂಚಿಸಿದ 'ಅಫೇಸಿಯಾ' ಎಂಬ ಪದವೇ ಮುಂದೆ ನಿಂತಿತು. ಹಲವು ರೋಗಿಗಳಲ್ಲಿ ಹಾನಿ ಎಡಭಾಗದಲ್ಲಿಯೇ ಕಂಡುಬಂದುದರಿಂದ, ಬಹುಪಾಲು ಜನರಲ್ಲಿ ಮಾತಿನ ಹೊಣೆ ಎಡಮಿದುಳಿನದು ಎಂದು ಅವನು 1865ರಲ್ಲಿ ಸ್ಪಷ್ಟವಾಗಿ ಪ್ರತಿಪಾದಿಸಿದನು. ಈ ವಿಚಾರವನ್ನು ತನ್ನ ತಂದೆ ಮಾರ್ಕ್ ಡಾಕ್ಸ್ 1836ರಲ್ಲಿಯೇ ಬರೆದಿದ್ದನೆಂದು ಗುಸ್ತಾವ್ ಡಾಕ್ಸ್ ಹಕ್ಕು ಮಂಡಿಸಿದನು. ಆ ಬರಹ ಅಚ್ಚಾದದ್ದು 1865ರಲ್ಲಿ. ಆದ್ಯತೆಯ ಈ ವಾದ ಇಂದಿಗೂ ಪೂರ್ಣವಾಗಿ ಬಗೆಹರಿದಿಲ್ಲ. ಎಡಭಾಗ ಹಾನಿಗೊಂಡರೆ ಬಲಭಾಗ ಆ ಕೆಲಸ ಕಲಿಯಬಹುದು, ಮಗುವಿಗೆ ಕಲಿಸುವ ತಾಳ್ಮೆಯಿಂದ ರೋಗಿಗೆ ಮಾತನ್ನು ಮತ್ತೆ ಕಲಿಸಲು ಪ್ರಯತ್ನಿಸಬೇಕು ಎಂಬ ವಿಚಾರವೂ ಬ್ರೋಕಾನ ಬರಹದಲ್ಲಿದೆ. ವಾಕ್‌ಚಿಕಿತ್ಸೆಯ ಬೀಜ ಇಲ್ಲಿದೆ ಎನ್ನಬಹುದು.

ಇದೇ ಬ್ರೋಕಾನ ಇನ್ನೊಂದು ಮುಖವನ್ನು ಮರೆಮಾಚುವಂತಿಲ್ಲ. ಅವನು ಸಾವಿರಾರು ತಲೆಬುರುಡೆಗಳನ್ನು ಅಳೆದು, ಮಿದುಳಿನ ಗಾತ್ರದ ಆಧಾರದಿಂದ ಜನಾಂಗಗಳನ್ನೂ ಸ್ತ್ರೀಪುರುಷರನ್ನೂ ಮೇಲು ಕೀಳೆಂದು ಶ್ರೇಣೀಕರಿಸಿದನು. ಮೊದಲೇ ನಂಬಿದ ಶ್ರೇಣಿಗೆ ಅಂಕಿಗಳನ್ನು ಹೊಂದಿಸುವ ಈ ಕ್ರಮವನ್ನು ಇಪ್ಪತ್ತನೆಯ ಶತಮಾನದ ವಿಜ್ಞಾನ ತಿರಸ್ಕರಿಸಿದೆ. ಒಬ್ಬನೇ ರೋಗಿಯ ಎದುರು ಕುಳಿತು ಆಲಿಸಿದಾಗ ದೊರೆತ ಸತ್ಯ, ಸಾವಿರಾರು ಬುರುಡೆಗಳನ್ನು ಅಳೆದಾಗ ದೊರೆಯಲಿಲ್ಲವೆಂಬುದು ಗಮನಾರ್ಹ. 1880ರಲ್ಲಿ ಆಜೀವ ಸೆನೆಟರ್ ಆಗಿ ಆಯ್ಕೆಯಾದ ಬ್ರೋಕಾ ಅದೇ ವರ್ಷ ಜುಲೈ 9ರಂದು ಪ್ಯಾರಿಸ್‌ನಲ್ಲಿ ನಿಧನನಾದನು. ಆಗ ಅವನಿಗೆ ಐವತ್ತಾರು ವರ್ಷ.

ಅವನ ನಿರ್ಣಯವೂ ಮುಂದೆ ತಿದ್ದುಪಡಿಗೊಂಡಿತು. 1874ರಲ್ಲಿ ವೆರ್ನಿಕೆ, ಮಾತು ಸರಾಗವಾಗಿ ಹರಿದರೂ ಅರ್ಥ ಕೆಡುವ ಮತ್ತೊಂದು ಬಗೆಯನ್ನು ವಿವರಿಸಿದನು. ಇಬ್ಬರು ರೋಗಿಗಳ ಸಂರಕ್ಷಿತ ಮಿದುಳುಗಳನ್ನು ಕಾಂತೀಯ ಚಿತ್ರಣಕ್ಕೆ ಒಳಪಡಿಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಹಾನಿ ಬ್ರೋಕಾ ಕಂಡದ್ದಕ್ಕಿಂತ ಆಳಕ್ಕೆ ಹಬ್ಬಿತ್ತು. 'ತಾಂ' ಎಂಬ ಅಡ್ಡಹೆಸರಿನಿಂದಲೇ ಗ್ರಂಥಗಳಲ್ಲಿ ಉಳಿದಿದ್ದ ರೋಗಿಯ ಪೂರ್ಣ ಹೆಸರು ಲೂಯಿ ವಿಕ್ತರ್ ಲೆಬೋರ್ನ್ ಎಂಬುದು 2013ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿಯಿತು. 1915ರಲ್ಲಿ ದೊರೆತ ಮಸ್ಕಿಯ ಶಾಸನ ದೇವಾನಾಂಪ್ರಿಯನೆಂಬ ಬಿರುದಿನ ಹಿಂದಿನ ಅಶೋಕನನ್ನು ತೋರಿಸಿಕೊಟ್ಟಿತು. ಬಿರುದಿನ ಹಿಂದಿನ ದೊರೆಗಾಗಲಿ, ಅಡ್ಡಹೆಸರಿನ ಹಿಂದಿನ ರೋಗಿಗಾಗಲಿ ಸ್ವಂತ ಹೆಸರು ದೊರೆತಾಗಲೇ ಚರಿತ್ರೆ ಪೂರ್ಣಗೊಳ್ಳುತ್ತದೆ.

ಬ್ರೋಕಾನ ಶೋಧ ಕನ್ನಡ ವಿದ್ವಾಂಸರಿಗೂ ಕೆಲವು ಪ್ರಶ್ನೆಗಳನ್ನು ಬಿಟ್ಟಿದೆ. ಅದು ರೂಪುಗೊಂಡದ್ದು ಫ್ರೆಂಚ್ ಮಾತಿನ ಮೇಲೆ. ಕನ್ನಡದಲ್ಲಿ ಲಿಂಗ, ವಚನ, ಪುರುಷಗಳ ಗುರುತು ಕ್ರಿಯಾಪದದ ಪ್ರತ್ಯಯದಲ್ಲಿದೆ. ಕಾರಕ ಸಂಬಂಧ ವಿಭಕ್ತಿಯಲ್ಲಿದೆ. ಅಫೇಸಿಯಾಕ್ಕೆ ಒಳಗಾದ ಕನ್ನಡಿಗ ಪ್ರತ್ಯಯವನ್ನು ಬಿಡುತ್ತಾನೆಯೇ ಅಥವಾ ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸುತ್ತಾನೆಯೇ ಎಂಬುದು ವ್ಯಾಕರಣದ ಪ್ರಶ್ನೆಯೂ ಹೌದು, ಚಿಕಿತ್ಸೆಯ ಪ್ರಶ್ನೆಯೂ ಹೌದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ವಿದ್ವಾಂಸರು ಈ ದಿಕ್ಕಿನಲ್ಲಿ ಕೆಲಸ ಮಾಡಿದ್ದಾರೆ. ಪಾಶ್ಚಾತ್ಯ ಅಫೇಸಿಯಾ ಪರೀಕ್ಷೆಗೆ ಕನ್ನಡ ರೂಪವೂ ಬಂದಿದೆ.

ಆದರೆ ಯಾವ ಕನ್ನಡ ಎಂಬ ಪ್ರಶ್ನೆ ಉಳಿಯುತ್ತದೆ. ರಾಯಚೂರು ಸೀಮೆಯಲ್ಲಿ ಲಕ್ವ ಹೊಡೆದು ಬಾಯಿ ಬಿತ್ತು ಎನ್ನುವಲ್ಲಿ ಬೀಳುವುದು ಒಂದೇ ಭಾಷೆಯಲ್ಲ. ನಿಜಾಮರ ಆಡಳಿತದಲ್ಲಿ ಜಿಲ್ಲಾಕೇಂದ್ರವೂ ಆಗಿದ್ದ ಲಿಂಗಸೂಗೂರಿನಲ್ಲಿ ಕನ್ನಡದ ಜೊತೆಗೆ ಉರ್ದು ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರಿನ ಕ್ಯಾಂಪುಗಳಲ್ಲಿ ತೆಲುಗು, ಪುನರ್ವಸತಿಯ ಕ್ಯಾಂಪುಗಳಲ್ಲಿ ಬಂಗಾಳಿ ನೆಲೆಯೂರಿದವು. ತಾಂಡಾಗಳಲ್ಲಿ ಲಂಬಾಣಿ ಮನೆಮಾತು. ಬಹುಭಾಷಿಕರಲ್ಲಿ ಹಳೆಯ ಭಾಷೆ ಮೊದಲು ಮರಳುತ್ತದೆಯೆಂದು ರಿಬೊ, ಹೆಚ್ಚು ಬಳಕೆಯ ಭಾಷೆ ಮರಳುತ್ತದೆಯೆಂದು ಪಿತ್ರ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ವಾದಿಸಿದ್ದರು. ಮನೆಯಲ್ಲಿ ಲಂಬಾಣಿ, ಸಂತೆಯಲ್ಲಿ ಕನ್ನಡ ಆಡುವ ರೋಗಿಯನ್ನು ಗ್ರಾಂಥಿಕ ಕನ್ನಡದಲ್ಲಿ ಮಾತ್ರ ಪರೀಕ್ಷಿಸಿದರೆ ಅವನಲ್ಲಿ ಉಳಿದಿರುವ ಮಾತು ಲೆಕ್ಕಕ್ಕೇ ಸಿಗಲಾರದು. ಆ ಮಾತನ್ನು ಗುರುತಿಸಲು ವೈದ್ಯರಷ್ಟೇ ಸಾಲದು, ಪ್ರಾದೇಶಿಕ ಉಪಭಾಷೆಗಳನ್ನು ಬಲ್ಲ ವಿದ್ವಾಂಸರೂ ಬೇಕು. ಬ್ರೋಕಾನ ಬದುಕಿನಿಂದ ಕನ್ನಡದ ಭಾಷಾಧ್ಯಯನ ಪಡೆಯಬೇಕಾದ ಪಾಠ ಅವನ ಅಳತೆಪಟ್ಟಿಯಲ್ಲಿಲ್ಲ, ಲೆಬೋರ್ನ್‌ನ ಹಾಸಿಗೆಯ ಬದಿಯಲ್ಲಿ ಅವನು ತೋರಿದ ಗಮನದಲ್ಲಿದೆ.